ನಮ್ಮ ಕಕ್ಕಸ್ಸಿನಲ್ಲಿ ಬಂದು ಕುಳಿತ ಹಕ್ಕುಗಳ ಬಗ್ಗೆ

ಗೆ,
ಮಾನ್ಯ ವ್ಯವಸ್ಥಾಪಕ ನಿರ್ದೇಶಕರು,
ನವಪರ್ಣ ಲೀಫ್ ಪ್ರೈವೇಟ್ ಲಿಮಿಟೆಡ್, ಬೆಂಗಳೂರು.

ವಿಷಯ: ತಮ್ಮ ಕಂಪನಿಯು ನಮ್ಮನ್ನು ಅಳತೆ ಮೀರಿ ಗೌರವಿಸುತ್ತಿರುವ ಕುರಿತು.

ಮಾನ್ಯರೇ,

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ರಸ್ತೆಯಲ್ಲಿರುವ ತಮ್ಮ ಹೊಗೆಸೊಪ್ಪಿನ ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಲೆಯ ಬಣ್ಣ ನೋಡಿ ಬೇರೆ ಬೇರೆ ರಾಶಿ ಮಾಡುವ ಅರವತ್ತನಾಲ್ಕು ಹೆಂಗಸರ ಪರವಾಗಿ, ಅವರ ಪೈಕಿ ಪಿಯುಸಿವರೆಗೆ ಓದಿದ ತಪ್ಪಿಗೆ ಬರೆಯುವ ಕೆಲಸ ಪಾಲಿಗೆ ಬಂದಿರುವ ಸುಕನ್ಯ ಎಂಬ ನಾನು, ತಮ್ಮ ಪಾದಗಳಿಗೂ, ಪಾದಗಳ ಕೆಳಗಿನ ರತ್ನಗಂಬಳಿಗೂ, ಆ ಗಂಬಳಿ ಹಾಸಿರುವ ಅಷ್ಟೂ ಅಂತಸ್ತುಗಳಿಗೂ ಶಿರಬಾಗಿ ನಮಸ್ಕರಿಸುತ್ತೇನೆ. ತಾವು ಕ್ಷೇಮವೆಂದು ನಂಬಿದ್ದೇವೆ. ನಾವೂ ಕ್ಷೇಮ, ಕ್ಷೇಮವಾಗಿರಲೇಬೇಕೆಂದು ತಮ್ಮ ಬದ್ಧತಾಪತ್ರದ ಏಳನೇ ಪುಟದಲ್ಲಿ ಅಚ್ಚಾಗಿದೆಯಲ್ಲ.

ಕಳೆದ ಕಾರ್ತಿಕದಲ್ಲಿ ತಾವು ಮಾನವ ಹಕ್ಕುಗಳನ್ನು ಗೌರವಿಸುವುದಾಗಿ ಹನ್ನೆರಡು ಪುಟದ ಬದ್ಧತಾಪತ್ರ ಹೊರಡಿಸಿದಿರಿ. ಅದರ ಒಂದೊಂದು ಪ್ರತಿಯನ್ನು ನಮಗೆಲ್ಲ ಹಂಚಿ, ಬಲಗೈ ಮುಂದೆ ಚಾಚಿಸಿ, ಇಂಗ್ಲಿಷಿನಲ್ಲಿ ಪ್ರತಿಜ್ಞೆ ಮಾಡಿಸಲಾಯಿತು. ನಾವು ಯಾರನ್ನು ಗೌರವಿಸುವುದಾಗಿ ಒಪ್ಪಿಕೊಂಡೆವೆಂದು ಇವತ್ತಿಗೂ ಗೊತ್ತಿಲ್ಲವಾದರೂ, ಒಪ್ಪಿಕೊಂಡಿದ್ದೇವೆ. ಪ್ರತಿ ಶೆಡ್ಡಿನಲ್ಲೂ ಹಕ್ಕುಗಳಿಗೆ ಪ್ರತ್ಯೇಕವಾದ, ಶಾಂತವಾದ, ಗಾಳಿಬೆಳಕಿರುವ ಕೊಠಡಿ ಇರತಕ್ಕದ್ದು ಎಂದು ಆ ಪತ್ರದಲ್ಲಿತ್ತು. ನಮ್ಮ ಶೆಡ್ಡಿನಲ್ಲಿ, ಕೂಸುಗಳು ಅಳುವ ಕೋಣೆಯನ್ನು ಬಿಟ್ಟರೆ, ಅಂಥ ಕೊಠಡಿ ಒಂದೇ ಒಂದಿತ್ತು, ಅದು ಹೆಂಗಸರ ಕಕ್ಕಸ್ಸು. ಗಂಡಸರದೂ ಒಂದಿದೆ, ಆದರೆ ಅದಕ್ಕೆ ಬಾಗಿಲಿಲ್ಲ, ಒಂದು ಗೋಣಿತಾಟಿದೆ. ಅಂಥಲ್ಲಿ ಹಕ್ಕುಗಳನ್ನು ಕೂರಿಸುವುದು ಮರ್ಯಾದೆಯಲ್ಲವೆಂದು ಹೊಸದಾಗಿ ಬಂದ ಹಕ್ಕುಗಳ ಅಧಿಕಾರಿ ಶಿವಶಂಕರ್ ಸಾಹೇಬರು ತೀರ್ಮಾನಿಸಿದರು.

ಎರಡೇ ದಿನದಲ್ಲಿ ನಮ್ಮ ಕಕ್ಕಸ್ಸು ನಮಗೇ ಗುರುತು ಸಿಗದಂತಾಯಿತು. ಎರಡು ಕಮೋಡುಗಳ ಪೈಕಿ ಒಂದರ ಮೇಲೆ ಹಲಗೆ ಬಡಿದು, ಮೆತ್ತೆ ಹಾಕಿ, ಅಧಿಕಾರಿಗಳ ಆಸನ ಮಾಡಲಾಯಿತು. ಇನ್ನೊಂದರ ಮೇಲೆ ಮನಿಪ್ಲಾಂಟ್ ಕುಂಡವನ್ನಿಟ್ಟರು. ಎದುರಿನ ಗೋಡೆಯ ಮೇಲೆ ಹೊಳೆಯುವ ಚೌಕಟ್ಟಿನಲ್ಲಿ ತಮ್ಮ ಬದ್ಧತೆ ತೂಗಿತು. ಬಾಗಿಲಿಗೆ 'ಮಾನವ ಹಕ್ಕುಗಳ ಕೊಠಡಿ, ಎಲ್ಲರಿಗೂ ಸ್ವಾಗತ' ಎಂಬ ಫಲಕ ಹಾಕಿ, ಬೀಗ ಜಡಿದು, ಬೀಗದ ಕೈಯನ್ನು ವಾಚ್‌ಮನ್ ಮಲ್ಲೇಶನ ಸೊಂಟಕ್ಕೆ ಕಟ್ಟಲಾಯಿತು. ಹಾಗಾದರೆ ನಾವು ಎಲ್ಲಿಗೆ ಹೋಗಬೇಕೆಂದು ಕೇಳಿದಾಗ, ಬದಲಿ ವ್ಯವಸ್ಥೆ ಪ್ರಗತಿಯಲ್ಲಿದೆ ಎಂದು ಸಾಹೇಬರು ಕೈ ಮಾಡಿ ತೋರಿಸಿದರು. ಅವರ ಕೈ ತೋರಿಸಿದ ಕಡೆ ಪಕ್ಕದವರ ಮುಸುಕಿನ ಜೋಳದ ಹೊಲವಿತ್ತು. ಜೋಳ ಕುಯ್ದು ವಾರವಾಗಿ, ಆ ಹೊಲದಲ್ಲಿ ಒಂದು ಕೋಳಿಗೂ ಮರೆಯಾಗುವಷ್ಟು ಅಡ್ಡವಿರಲಿಲ್ಲ.

ನಾವು ನೀರು ಕುಡಿಯುವುದನ್ನು ಬಿಟ್ಟೆವು. ಬೆಳಗ್ಗೆ ಮನೆ ಬಿಡುವಾಗಿನ ಅರ್ಧ ಲೋಟ ಕಾಫಿಯನ್ನೂ ಬಿಟ್ಟೆವು. ಅದೇ ವಾರ ತಾವು 'ಶುದ್ಧ ನೀರು ಪ್ರತಿಯೊಬ್ಬರ ಹಕ್ಕು' ಎಂದು ಬರೆದಿರುವ ನೀರಿನ ಯಂತ್ರವನ್ನೂ ಕಳಿಸಿದಿರಿ. ಅದನ್ನು ದಿನವೂ ಒರೆಸಿ, ಹೂ ಮುಡಿಸಿ, ಬಾಯಾರಿಕೊಂಡೇ ಮುಂದೆ ಹೋಗುತ್ತಿದ್ದೆವು.

ಮಾನ್ಯರೇ, ಈಗ ಚಿಕ್ಕಮಾದಮ್ಮನವರ ವಿಚಾರ ಹೇಳಬೇಕು. ಐವತ್ತೆರಡು ವರ್ಷದ ಈ ಹೆಂಗಸು ತಮ್ಮ ಶೆಡ್ಡಿನಲ್ಲಿ ಹತ್ತೊಂಬತ್ತು ಹಂಗಾಮು ಎಲೆ ಆಯ್ದವರು. ಕಣ್ಣು ಮುಚ್ಚಿ ಮುಟ್ಟಿದರೂ ಎಲೆಯ ಬಣ್ಣ ಹೇಳಬಲ್ಲರು. ಮೂರನೇ ವಾರ ಅವರಿಗೆ ಕಿಬ್ಬೊಟ್ಟೆ ನೋವು ಶುರುವಾಯಿತು, ಆಮೇಲೆ ಚಳಿಜ್ವರ. ಯಾರಿಗೂ ಹೇಳದೆ ಹಲ್ಲು ಕಚ್ಚಿಕೊಂಡು ಕೆಲಸ ಮಾಡುತ್ತಿದ್ದವರು ಒಂದು ಮಧ್ಯಾಹ್ನ ಎಲೆರಾಶಿಯ ಮೇಲೆಯೇ ಬಿದ್ದರು. ಸೋಮಮ್ಮ ಮತ್ತು ನಾನು ಆಟೋದಲ್ಲಿ ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪರೀಕ್ಷೆ ಮಾಡಿದ ಡಾಕ್ಟರು, ಮೂತ್ರದ ಸೋಂಕು ಮೇಲಕ್ಕೆ ಏರಿದೆ, ಇನ್ನೆರಡು ದಿನ ಬಿಟ್ಟಿದ್ದರೆ ಮೂತ್ರಪಿಂಡಕ್ಕೇ ತೊಂದರೆಯಾಗುತ್ತಿತ್ತು ಎಂದು ರೇಗಿ, "ನೀರು ಯಾಕಮ್ಮ ಕುಡಿಯಲ್ಲ ನೀನು?" ಅಂದರು. ಚಿಕ್ಕಮಾದಮ್ಮನವರು ಮಂಚದ ಮೇಲಿಂದಲೇ, "ಕುಡುದ್ರೆ ಎಲ್ಗೆ ಓಗ್ಲಿ ಸ್ವಾಮಿ? ನಮ್ ಕಕ್ಕಸ್ನಲ್ಲಿ ಅಕ್ಕುಗಳು ಬಂದು ಕುಂತವೆ" ಅಂದರು. ಜ್ವರ ತಲೆಗೆ ಏರಿದೆಯೆಂದು ತಿಳಿದ ಡಾಕ್ಟರು ಇನ್ನೊಂದು ಇಂಜೆಕ್ಷನ್ ಬರೆದರು.

ಎಂಟು ದಿನ ಬಿಟ್ಟು ಅವರು ಕೆಲಸಕ್ಕೆ ಮರಳಿದಾಗ ತಮ್ಮ ಗೌರವವು ಗೇಟಿನಲ್ಲೇ ಅವರನ್ನು ಎದುರುಗೊಂಡಿತು. ಕಾಯಿಲೆಯಿಂದ ಎದ್ದವರಿಂದ ಕೆಲಸ ಮಾಡಿಸುವುದು ಅವರ ಆರೋಗ್ಯದ ಹಕ್ಕಿನ ಉಲ್ಲಂಘನೆಯಾದ್ದರಿಂದ, ಕಂಪನಿಯು ಆ ಹಕ್ಕನ್ನು ಎತ್ತಿಹಿಡಿದು, ಮುಂದಿನ ಆದೇಶದವರೆಗೆ ಅವರನ್ನು ಮನೆಯಲ್ಲೇ ಗೌರವಿಸಲು ನಿರ್ಧರಿಸಿದೆ ಎಂದು ಶಿವಶಂಕರ್ ಸಾಹೇಬರು ಓದಿ ಹೇಳಿದರು. "ಗೌರ್ವ ಬ್ಯಾಡ ಸಾ, ಕೆಲ್ಸ ಕೊಡಿ" ಎಂದು ಅವರು ಕೈಮುಗಿದರು. ಬೇಡವೆನ್ನಲು ನೀತಿಯಲ್ಲಿ ಅವಕಾಶವಿರಲಿಲ್ಲ. ಅಂದಿನಿಂದ ಅವರು ದಿನವೂ ಬುತ್ತಿ ಕಟ್ಟಿಕೊಂಡು ಬಂದು, ಗೇಟಿನ ಹೊರಗೆ ನಿಂತು, ಸಂಜೆ ನಮ್ಮ ಜೊತೆಯೇ ಟೆಂಪೋ ಹತ್ತಿ ಮನೆಗೆ ಹೋಗುತ್ತಿದ್ದರು. ನಾವು ಒಳಗಿನಿಂದ ನೋಡುತ್ತಿದ್ದೆವು.

ಆಗ ನಾನು ತಮ್ಮ ಹನ್ನೆರಡು ಪುಟಗಳನ್ನೂ ಪರೀಕ್ಷೆಗೆ ಓದುವವಳ ಹಾಗೆ ಓದಿದೆ. ಒಂಬತ್ತನೇ ಪುಟದಲ್ಲಿ ತಾವು ಬರೆಸಿದ್ದ ಒಂದು ಸಾಲಿಗೆ ಅಡ್ಡಬೀಳಬೇಕೆನಿಸಿತು. ಯಾವ ಕೆಲಸಗಾರರೇ ಆಗಲಿ, ಯಾವ ಹೊತ್ತಿನಲ್ಲೇ ಆಗಲಿ, ಹಕ್ಕುಗಳ ಕೊಠಡಿಗೆ ಹೋಗಿ, ಬಾಗಿಲು ಹಾಕಿಕೊಂಡು, ಒಬ್ಬರೇ ಕುಳಿತು, ಅಲ್ಲಿನ ಯಂತ್ರದಲ್ಲಿ ತಮ್ಮ ದೂರನ್ನು ಧ್ವನಿಮುದ್ರಿಸಬಹುದು. ಆ ಸಮಯದಲ್ಲಿ ಅಧಿಕಾರಿಗಳು ಹೊರಗಿರತಕ್ಕದ್ದು.

ಮರುದಿನ ಬೆಳಗ್ಗೆ ಮೊದಲಿಗೆ ಸೋಮಮ್ಮ ದೂರು ಕೊಡಲು ಹೋದರು. ಸಾಹೇಬರು ಸಂತೋಷದಿಂದ ಎದ್ದು ಹೊರಗೆ ಬಂದರು. ಸೋಮಮ್ಮ ಚಿಲಕ ಹಾಕಿ, ಯಂತ್ರದ ಕೆಂಪು ಗುಂಡಿ ಒತ್ತಿ, ಮನಿಪ್ಲಾಂಟ್ ಕುಂಡವನ್ನು ಪಕ್ಕಕ್ಕೆ ಎತ್ತಿಟ್ಟು, ಐದು ನಿಮಿಷದ ನಂತರ ಕಣ್ಣಲ್ಲಿ ನೀರು ತುಂಬಿಕೊಂಡು ಹೊರಗೆ ಬಂದು, "ಎಂಥಾ ಒಳ್ಳೆ ನೀತಿ ಸಾ ಇದು" ಅಂದರು. ಸಂಜೆಯೊಳಗೆ ಅರವತ್ತಮೂರು ದೂರುಗಳು ದಾಖಲಾದವು. ಮಾರನೆಯ ದಿನ ನೂರಾ ಹನ್ನೊಂದು. ಪ್ರತಿಯೊಬ್ಬರೂ ಎದ್ದು ಬರುವ ಮುನ್ನ, ಚಿಕ್ಕಮಾದಮ್ಮನನ್ನು ಕೆಲಸಕ್ಕೆ ಕರೆಸಿ ಎಂದು ಯಂತ್ರಕ್ಕೆ ಹೇಳಿಯೇ ಬರುತ್ತಿದ್ದೆವು. ಆದರೆ ಫ್ಲಶ್ಶಿನ ಸದ್ದಿನಲ್ಲಿ ಆ ಮಾತು ತಮ್ಮವರೆಗೆ ಕೇಳಿಸಲಿಲ್ಲವೆಂದು ಕಾಣುತ್ತದೆ. ಏಕೆಂದರೆ ತಮ್ಮ ಕಚೇರಿಯಿಂದ ಬಂದದ್ದು ಆದೇಶವಲ್ಲ, ಪ್ರಶಸ್ತಿಪತ್ರ: ಕಂಪನಿಯ ಹನ್ನೊಂದು ಶೆಡ್ಡುಗಳಲ್ಲಿ ಅತಿ ಹೆಚ್ಚು ದೂರು ಪಡೆದು ಕೆಲಸಗಾರರ ವಿಶ್ವಾಸ ಗಳಿಸಿದ ಶಿವಶಂಕರ್ ಸಾಹೇಬರಿಗೆ ಅಭಿನಂದನೆ. ಅದನ್ನು ಅವರು ಫ್ಲಶ್ ತೊಟ್ಟಿಯ ಮೇಲೆ ತೂಗುಹಾಕಿದರು.

ದೂರುಗಳನ್ನು ಕುಳಿತು ಕೇಳಿಸಿಕೊಂಡವರು ತಮ್ಮಲ್ಲಿ ಒಬ್ಬರಾದರೂ ಇದ್ದರೆಂಬುದು ನಮ್ಮ ಪುಣ್ಯ. ಎಲ್ಲ ದೂರಿನಲ್ಲೂ ಒಂದೇ ಥರ ನೀರು ಹರಿಯುವುದೇಕೆಂದು ಅನುಮಾನಗೊಂಡು ತಪಾಸಣೆಯ ಮೇಡಂ ಬೆಂಗಳೂರಿನಿಂದ ಕಾರಿನಲ್ಲಿ ಬಂದರು. ದಾರಿಯಲ್ಲಿ ಹುಣಸೂರಿನಲ್ಲಿ ಎರಡು ಎಳನೀರು ಕುಡಿದಿದ್ದರಂತೆ. ಇಳಿದವರೇ, "ಟಾಯ್ಲೆಟ್ ಎಲ್ಲಿದೆ?" ಅಂದರು.

"ಅದು ಈಗ ಹಕ್ಕುಗಳ ಕೊಠಡಿ ಮೇಡಂ," ಎಂದರು ಸಾಹೇಬರು.

"ಮತ್ತೆ ಹೆಂಗಸರೆಲ್ಲ ಎಲ್ಲಿಗೆ ಹೋಗ್ತಾರೆ?"

"ಹೆಂಗಸರು... ದೂರು ಕೊಡೋಕೆ ಹೋಗ್ತಾರೆ ಮೇಡಂ."

ಸಾಲಿನಲ್ಲಿ ನಿಂತಿದ್ದ ಸೋಮಮ್ಮ ಪಕ್ಕಕ್ಕೆ ಸರಿದು ಜಾಗ ಕೊಟ್ಟು, "ನೀವೂ ಒಂದ್ ದೂರು ಕೊಟ್ಟು ಬನ್ನಿ ಕಣವ್ವ, ಅಗುರಾಯ್ತದೆ" ಅಂದರು.

ಮೇಡಂ ದೂರು ಕೊಟ್ಟು ಬಂದರು. ಬಂದವರು ಮುಖ ತೊಳೆದುಕೊಂಡು, ಕುಂಡವನ್ನೂ ಹಲಗೆಯನ್ನೂ ಪ್ರಶಸ್ತಿಪತ್ರವನ್ನೂ ಫೋಟೋ ತೆಗೆದುಕೊಂಡು, ಗೇಟಿನ ಹೊರಗೆ ಬುತ್ತಿ ಹಿಡಿದು ನಿಂತಿರುವವರು ಯಾರೆಂದು ಕೇಳಿದರು. ಚಿಕ್ಕಮಾದಮ್ಮನವರನ್ನು ಒಳಗೆ ಕರೆಸಿ, ಅವರು ಹೇಳಿದ್ದನ್ನೆಲ್ಲ ಒಂದು ಮಾತೂ ಬಿಡದೆ ಬರೆದುಕೊಂಡರು. ಅವತ್ತೇ ಅವರಿಗೆ ಕೆಲಸ ಸಿಕ್ಕಿತು. ಹತ್ತು ದಿನದಲ್ಲಿ ಹಕ್ಕುಗಳನ್ನು ತೂಕದ ಯಂತ್ರದ ಪಕ್ಕಕ್ಕೆ ಸಾಗಿಸಿ, ಕಕ್ಕಸ್ಸನ್ನು ನಮಗೆ ಹಿಂದಕ್ಕೆ ಕೊಟ್ಟರು.

ಕತೆ ಅಲ್ಲಿಗೇ ಮುಗಿದಿದ್ದರೆ ನಾನು ತಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ತಾವು ಅದನ್ನು ಕಂಪನಿಯ ಹೊಸ ಕೊಡುಗೆಯೆಂದು ಕರೆದು ಉದ್ಘಾಟನೆ ಇಟ್ಟಿರಿ. ಶಾಮಿಯಾನ ಹಾಕಿಸಿ, ನಾಲ್ವರು ಗಣ್ಯರನ್ನು ಕರೆಸಿ, 'ಫಲಾನುಭವಿ' ಎಂಬ ಬಿಲ್ಲೆಯನ್ನು ಚಿಕ್ಕಮಾದಮ್ಮನವರ ಸೆರಗಿಗೆ ಚುಚ್ಚಿ, ಟೇಪು ಕತ್ತರಿಸಲು ಅವರ ಕೈಗೇ ಕತ್ತರಿ ಕೊಡಿಸಿದಿರಿ. ಅವರು ಕತ್ತರಿಸಿದರು. ಫೋಟೋಕ್ಕೆ ಇತ್ತ ತಿರುಗಿ ಎನ್ನುವಷ್ಟರಲ್ಲಿ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಗಣ್ಯರು ಹಾರ ಹಿಡಿದು ನಿಂತರು. ಮೈಕಿನವನು ಎರಡು ಭಕ್ತಿಗೀತೆ ಹಾಕಿದ. ಹದಿನೆಂಟು ನಿಮಿಷ ಬಾಗಿಲು ತೆರೆಯಲಿಲ್ಲ.

ಮರುದಿನವೇ ಅವರಿಗೆ ನೋಟಿಸು ಬಂತು: ಗಣ್ಯರ ಗೌರವದ ಹಕ್ಕಿಗೆ ಚ್ಯುತಿ ತಂದು ಹದಿನೆಂಟು ನಿಮಿಷ ಒಳಗೆ ಏನು ಮಾಡುತ್ತಿದ್ದಿರೆಂದು ಮೂರು ದಿನದೊಳಗೆ ಲಿಖಿತವಾಗಿ ವಿವರಿಸುವುದು, ತಪ್ಪಿದಲ್ಲಿ ಕೆಲಸದಿಂದ ತೆಗೆಯಲಾಗುವುದು. ಕಾಗದ ಹಿಡಿದು ಅವರು ನನ್ನ ಬಳಿ ಬಂದರು. ಏನೆಂದು ಬರೆಯಲಿ ಅಕ್ಕ, ಎಂದೆ. ಅವರು ಹೇಳಿದರು: "ಏನೂ ಮಾಡ್ಲಿಲ್ಲ ಕಣವ್ವ. ಸುಮ್ಕೆ ಕುಂತಿದ್ದೆ. ಎದ್ದೇಳು ಅನ್ನೋರು ಯಾರೂ ಇರ್ಲಿಲ್ವಲ್ಲ, ಅದ್ಕೇ ಕುಂತಿದ್ದೆ. ಅಂಗೇ ಬರಿ."

ಹಾಗೆಯೇ ಬರೆದೆ. ಆಮೇಲೆ ಸೋಮಮ್ಮ, ತಾವೂ ಆ ಹೊತ್ತಿನಲ್ಲಿ ಜೊತೆಗೆ ಒಳಗಿದ್ದುದಾಗಿ ಒಂದು ಹೇಳಿಕೆ ಬರೆಸಿ ಹೆಬ್ಬೆಟ್ಟು ಒತ್ತಿದರು. ಅವರ ಹಿಂದೆ ಇನ್ನೊಬ್ಬರು. ಸಂಜೆಯ ಹೊತ್ತಿಗೆ, ಆರಡಿ ಉದ್ದ ನಾಲ್ಕಡಿ ಅಗಲದ ಆ ಕಕ್ಕಸ್ಸಿನಲ್ಲಿ ಉದ್ಘಾಟನೆಯ ದಿನ ಅರವತ್ತನಾಲ್ಕು ಹೆಂಗಸರೂ ಸುಮ್ಮನೆ ಕುಳಿತಿದ್ದರೆಂಬುದಕ್ಕೆ ಲಿಖಿತ ಆಧಾರ ಸಿದ್ಧವಾಯಿತು. ಶಿವಶಂಕರ್ ಸಾಹೇಬರು ಕಾಗದಗಳನ್ನು ಎಣಿಸಿ, ಬೆವರು ಒರೆಸಿಕೊಂಡು, "ಇದನ್ನ ಮೇಲಕ್ಕೆ ಕಳಿಸ್ಬೇಡಿ ಕಣ್ರಮ್ಮ, ನೋಟಿಸು ವಾಪಸ್ ತಗೋತೀನಿ" ಎಂದು ನಮ್ಮೆದುರೇ ಹರಿದು ಹಾಕಿದರು. ಚಿಕ್ಕಮಾದಮ್ಮನವರು ಹೋಗಿ ತಮ್ಮ ರಾಶಿಯ ಮುಂದೆ ಕುಳಿತು ಎಲೆಗೆ ಕೈ ಹಾಕಿದರು. ಆದರೂ ಇಷ್ಟು ಕಷ್ಟಪಟ್ಟು ಬರೆದದ್ದು ವ್ಯರ್ಥವಾಗಬಾರದೆಂದು, ಅರವತ್ತನಾಲ್ಕು ಹೇಳಿಕೆಗಳನ್ನೂ ಇದರೊಂದಿಗೆ ಲಗತ್ತಿಸಿ, ಅವುಗಳ ಒಂದೊಂದು ಪ್ರತಿಯನ್ನು ಪಟ್ಟಣದ ಬಸ್ ನಿಲ್ದಾಣದ ಗೋಡೆಗೂ ಅಂಟಿಸಿದ್ದೇವೆ.

ಕೊನೆಯದಾಗಿ ನಮ್ಮ ಬೇಡಿಕೆ ಸಣ್ಣದು. ದಯವಿಟ್ಟು ನಮ್ಮನ್ನು ಇನ್ನು ಸ್ವಲ್ಪ ಕಡಿಮೆ ಗೌರವಿಸಿ. ಹನ್ನೆರಡು ಪುಟದಷ್ಟು ಬೇಡ, ಒಂದು ಚಿಲಕದಷ್ಟು ಸಾಕು.

ತಮ್ಮ ಬದ್ಧತೆಯಿಂದ ಬದುಕಿ ಉಳಿದ, ತಮ್ಮ ವಿಶ್ವಾಸಿ,
ಸುಕನ್ಯ
(ಮತ್ತು ಅರವತ್ತಮೂರು ಮಂದಿ)

ಮರೆತ ಮಾತು: ಮುಂದಿನ ತಿಂಗಳಿಂದ ಕಂಪನಿಯು ಮಕ್ಕಳ ಹಕ್ಕುಗಳನ್ನೂ ಗೌರವಿಸಲಿದೆ ಎಂದು ಸಾಹೇಬರು ತಿಳಿಸಿದರು, ಬಹಳ ಸಂತೋಷ. ಶೆಡ್ಡಿನಲ್ಲಿ ಈಗ ಉಳಿದಿರುವುದು ಕೂಸುಗಳನ್ನು ಮಲಗಿಸುವ ಒಂದು ಕೋಣೆ. ಗೌರವ ಬಂದು ಸೇರುವ ದಿನಾಂಕವನ್ನು ಮುಂಚಿತವಾಗಿ ತಿಳಿಸಿದರೆ, ತೊಟ್ಟಿಲುಗಳನ್ನು ಬಿಚ್ಚಿಕೊಂಡು ಹೋಗಲು ನಮಗೆ ಅನುಕೂಲವಾಗುತ್ತದೆ.