ಥಂಡಿ ಮಷೀನು

ನೆಟ್ಟಗಿರುವ ಯಾವ ವಸ್ತುವನ್ನೂ ಸುಮ್ಮನೆ ಬಿಡುವ ಜೀವವಲ್ಲ ನಮ್ಮ ಮಾವನದು. ಮಾವ ಅಂದರೆ ಅಕ್ಕನ ಗಂಡ. ನಮ್ಮ ಮನೆಯಲ್ಲಿ ಹಾಗೇ ಕರೆಯುತ್ತೇವೆ. ಕೈಗೆ ತಾಮ್ರದ ತಂತಿ ಸಿಕ್ಕರೆ ಸುತ್ತುವರು, ಸೈಕಲ್ಲಿನ ಕಡ್ಡಿ ಸಿಕ್ಕರೆ ಬಗ್ಗಿಸುವರು. ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೋಗುವ ರಸ್ತೆ ಇವತ್ತಿಗೂ ಸುಮಾರಾಗಿ ನೆಟ್ಟಗಿದೆಯೆಂದರೆ ಅದು ಡಾಂಬರಿನದೆಂಬ ಒಂದೇ ಕಾರಣಕ್ಕೆ. ತಾಮ್ರದ್ದಾಗಿದ್ದರೆ ಬಸ್ಸು ಊರು ಮುಟ್ಟುವ ಹೊತ್ತಿಗೆ ನಮಗೆಲ್ಲ ತಲೆ ತಿರುಗಿರುತ್ತಿತ್ತು!

ಈ ತಾಮ್ರದ ಹುಚ್ಚಿಗೆ ಮೂಲ ಯಾರು? ನಾನೇ.

ನಮ್ಮದು ಕಲಘಟಗಿ ಕಡೆಯ ದೇವಿಕೊಪ್ಪ. ಹತ್ತಿರದಲ್ಲೇ ತೇಗದ ಅಡವಿ. ಏಪ್ರಿಲ್ಲಿನಲ್ಲೂ ಬೆಳಗಿನ ಜಾವ ಚಾದರ ಎಳೆದುಕೊಳ್ಳಬೇಕು. ಅಕ್ಕನನ್ನು ಕೊಟ್ಟದ್ದು ನವಲಗುಂದದ ಕಡೆ, ಯಮನೂರಿನ ಬಾಜುದ ಒಂದು ಹಳ್ಳಿಗೆ. ಅಗದಿ ಎರೆಭೂಮಿ. ಬೇಸಿಗೆಯಲ್ಲಿ ನೆಲ ಬಿರಿದರೆ ಮೊಣಕಾಲಿನವರೆಗೆ ಕಾಲು ಇಳಿಸಬಹುದು. ನೆರಳು ಬೇಕೆಂದರೆ ಎತ್ತಿನ ಹೊಟ್ಟೆಯ ಕೆಳಗೇ ಕೂಡ್ರಬೇಕು. ಹೀಗಾಗಿ ಸಾಲೆಗೆ ಸೂಟಿ ಬಿಟ್ಟ ಮರುದಿನ, ಮಾಸ್ತರನಾದ ನಾನು ಬಸ್ಸು ಬದಲಿಸುತ್ತ ಬಂದು ಅಕ್ಕನನ್ನು ತವರಿಗೆ ಕರೆದೊಯ್ಯುವುದು, ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ತಿರುಗಿ ತಂದುಬಿಡುವುದು, ಇದು ಇಪ್ಪತ್ತು ವರ್ಷದ ಪದ್ಧತಿ.

ಎಪ್ಪತ್ತರ ದಶಕದ ನಡುವಿನಲ್ಲಿ ಅವರ ಒಬ್ಬಳೇ ಮಗಳ ಮದುವೆಯಾಯಿತು. ಆ ಬೇಸಿಗೆ ನಾನು ಅಕ್ಕನನ್ನು ಬಸ್ಸು ಹತ್ತಿಸಿದಾಗ ಮಾವ ಕಿಟಕಿಯ ಹತ್ತಿರ ಬಂದು ನಿಂತರು. "ಎರಡ ತಿಂಗಳಾಗತೈತಲ್ಲಪಾ?" ಅಂದರು. ನಾನೋ ಚಿಂತೆಯ ಮನುಷ್ಯ. ಬಸ್ಸು ತಡವಾದರೆ ಅಪಘಾತವಾಯಿತೇ ಎಂದು, ಹೊತ್ತಿಗೆ ಸರಿಯಾಗಿ ಬಂದರೆ ನನ್ನ ಗಡಿಯಾರ ಕೆಟ್ಟಿತೇ ಎಂದು ಚಿಂತಿಸುವವನು. ಖಾಲಿ ಮನೆಯಲ್ಲಿ ಮಾವ ಒಬ್ಬರೇ ಕೂತು ಒಣಗಿದ ಕಟಕ ರೊಟ್ಟಿ ಮುರಿಯುವುದನ್ನು ನೆನೆಯುತ್ತ ಹುಬ್ಬಳ್ಳಿವರೆಗೂ ನಿಟ್ಟುಸಿರು ಬಿಟ್ಟೆ. ಅಕ್ಕ ಮಾತ್ರ ಗಾಳಿಗೆ ಮುಖವೊಡ್ಡಿ ನಿದ್ದೆ ಹೋಗಿದ್ದಳು.

ಜೂನಿನಲ್ಲಿ ಅವಳನ್ನು ಬಿಡಲು ಬಂದರೆ ಮಾವ ಬಾಗಿಲಲ್ಲೇ ನಗುತ್ತ ನಿಂತಿದ್ದಾರೆ. ಹೆಗಲ ಮೇಲೆ ಕಿರುಬೆರಳಿನಷ್ಟು ದಪ್ಪದ ತಾಮ್ರದ ಪೈಪು!

"ಮುಂದಿನ ವರ್ಷ ನೀ ಬರೂದ ಬ್ಯಾಡ ಮಾಸ್ತರ. ನಿಮ್ಮಕ್ಕ ಎಲ್ಲೂ ಹೋಗೂದಿಲ್ಲ. ದೇವಿಕೊಪ್ಪನ್ನ ಇಲ್ಲೇ ತರ್ತೀನಿ."

ಹುಬ್ಬಳ್ಳಿಯ ಯಾವುದೋ ಅಂಗಡಿಯಲ್ಲಿ ರಿಪೇರಿಗೆ ಬಿಚ್ಚಿಟ್ಟ ಫ್ರಿಜ್ಜಿನೊಳಗೆ ಮಾವ ಇಣುಕಿದ್ದರಂತೆ. ಕಂಡದ್ದು ಪೈಪಿನ ಸುರುಳಿ. ಅಲ್ಲಿಗೆ ಜ್ಞಾನೋದಯವಾಯಿತು. "ತಂಪು ಅಂಬೂದು ಸುರುಳ್ಯಾಗ ಇರತೈತಿ. ಎಷ್ಟ ಬಿಗಿ ಸುತ್ತತೀವಿ, ಅಷ್ಟ ತಂಪ." ಎತ್ತರದಲ್ಲೊಂದು ದೊಡ್ಡ ಮಣ್ಣಿನ ಹರವಿ, ಅದರಿಂದ ಸುರುಳಿಯೊಳಗೆ ಇಳಿಯುವ ತಣ್ಣೀರು, ಸುರುಳಿಯ ಹಿಂದೆ ಟೇಬಲ್ ಫ್ಯಾನು, ಮುಂದೆ ಕುರ್ಚಿಯಲ್ಲಿ ಅಕ್ಕ. ಹೇಳುವಾಗ ಎಲ್ಲ ಸರಿಯಾಗಿತ್ತು.

ಆದರೆ ತಾಮ್ರದ ಪೈಪು ಸುಮ್ಮನೆ ಬಗ್ಗಿಸಿದರೆ ಬಗ್ಗುವುದಿಲ್ಲ. ಬಾಗಿದಲ್ಲಿ ಚಪ್ಪಟೆಯಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಮೊದಲು ಕಂಬಾರನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗದ್ದಬೇಕು, ಆಗ ಮೆತ್ತಗಾಗುತ್ತದೆ. ಆಮೇಲೆ ಒಳಗೆ ಒಣ ಉಸುಕು ತುಂಬಿ, ಎರಡೂ ತುದಿಗೆ ಬೂಚು ಬಡಿದು, ಗುಂಡಗಿನ ಯಾವುದಾದರೂ ವಸ್ತುವಿಗೆ ಸುತ್ತಬೇಕು. ಇಷ್ಟನ್ನೂ ಮಾವ ಯಾರ ಹಂಗೂ ಇಲ್ಲದೆ ತಾವೇ ಕಲಿತರು. ಅಂದರೆ ಮೂರು ಪೈಪು ಕೆಡಿಸಿದರು.

ಗುಂಡಗಿನ ವಸ್ತು ಮನೆಯಲ್ಲಿ ಏನಿತ್ತು? ಅಕ್ಕನ ಒನಕೆ! ಹದಿನೆಂಟು ಸುತ್ತು, ಒಂದಕ್ಕೊಂದು ಅಂಟಿಕೊಂಡ ಹಾಗೆ, ಉಗುರೂ ಹೋಗದಷ್ಟು ಬಿಗಿ. ಒನಕೆಯ ಎರಡೂ ತುದಿಗೆ ದಪ್ಪನೆಯ ಕಬ್ಬಿಣದ ಕಟ್ಟು ಇರುವುದು ಮಾವನ ಲಕ್ಷ್ಯಕ್ಕೆ ಬಂದದ್ದು ಸುರುಳಿಯನ್ನು ಹೊರಗೆಳೆಯುವಾಗ. ಅದು ಬರಲೊಲ್ಲದು. ಸುರುಳಿ ಕತ್ತರಿಸಲು ಮಾವನಿಗೆ ಮನಸ್ಸಿಲ್ಲ, ಒನಕೆ ಕತ್ತರಿಸಲು ಅಕ್ಕ ಬಿಡುವುದಿಲ್ಲ.

ಮರುವರ್ಷ ಸೂಟಿಗೆ ನಾನು ಹೋದಾಗ ಅಕ್ಕ ಅಂಗಳದಲ್ಲಿ ಅದೇ ಒನಕೆಯಿಂದ ಖಾರ ಕುಟ್ಟುತ್ತಿದ್ದಳು. ಪ್ರತಿ ಪೆಟ್ಟಿಗೂ ಝಣ್ ಅನ್ನುತ್ತಿತ್ತು.

"ನೋಡೋ ತಮ್ಮಾ. ಕೈಗೊಂದ ಜೋಡ ಬಂಗಾರದ ಪಾಟ್ಲಿ ಮಾಡಸ್ರಿ ಅಂತ ಕೇಳಾಕ ಹತ್ತಿ ಇಪ್ಪತ್ತ ವರ್ಷಾತು. ಒನಕಿಗೆ ಹದಿನೆಂಟ ತೊಡಿಸ್ಯಾರ."

"ಅದು ಪಾಟ್ಲಿ ಅಲ್ಲ, ಮಷೀನ ಐತಿ," ಅಂದರು ಮಾವ, ಖಾರದ ಘಾಟಿಗೆ ಸೀನುತ್ತ.

ಆ ಬೇಸಿಗೆಯೂ ಅಕ್ಕ ನನ್ನ ಜೊತೆ ಬಸ್ಸು ಹತ್ತಿದಳು. ಮಾವ ಕಿಟಕಿಗೆ ಬರಲಿಲ್ಲ. ದೂರದಲ್ಲಿ ಕಟ್ಟೆಯ ಮೇಲೆ ಕೂತು ಒಂದು ಚೂರು ತಂತಿಯನ್ನು ಬೆರಳಿಗೆ ಸುತ್ತುತ್ತಿದ್ದರು.

ಮಷೀನಿನ ಎರಡನೆಯ ವರ್ಷ ಉಸುಕಿನ ಮೇಲೆ ಅವರ ವಿಶ್ವಾಸ ಹೋಗಿತ್ತು. ಸುತ್ತಿದ ಮೇಲೆ ಅದು ಪೂರಾ ಹೊರಗೆ ಬರುವುದಿಲ್ಲ ಅನ್ನುವುದು ಅವರ ತಕರಾರು. ಅದಕ್ಕೇ ಈ ಸಲ ಬೆಲ್ಲದ ಪಾಕ ಮಾಡಿ ಹೊಯ್ದಿದ್ದರು! ಆರಿದರೆ ಕಲ್ಲಾಗುತ್ತದೆ, ಕೆಲಸ ಮುಗಿದ ಮೇಲೆ ಬಿಸಿನೀರು ಬಿಟ್ಟರೆ ಕರಗಿ ಹೋಗುತ್ತದೆ. ಕೇಳಿ ನನಗೂ ಭೇಷ್ ಅನ್ನಿಸಿತು. ನನಗೆ ಭೇಷ್ ಅನ್ನಿಸಿದಾಗಲೇ ಹೆದರಬೇಕಿತ್ತು. ಬೆಲ್ಲ ಅರ್ಧ ಕರಗಿತು, ಅರ್ಧ ಒಳಗೇ ಉಳಿಯಿತು, ಉಳಿದದ್ದರ ಸುದ್ದಿ ಊರಿನ ಇರುವೆಗಳಿಗೆಲ್ಲ ಮುಟ್ಟಿತು. ಅಕ್ಕ ಕುರ್ಚಿಯಲ್ಲಿ ಕೂತಳು, ಮಾವ ಫ್ಯಾನು ಹಚ್ಚಿದರು.

ಅಕ್ಕ ಸೆರಗು ಝಾಡಿಸುತ್ತ ಎದ್ದಳು. "ಥಂಡಿ ಎಲ್ಲೈತ್ರಿ? ಬರೇ ಇರಿವಿ ಬಂದ್ವು."

ಮತ್ತೆ ಬಸ್ಸು, ಮತ್ತೆ ದೇವಿಕೊಪ್ಪ.

ಮೂರನೆಯ ಬೇಸಿಗೆ ನಾನು ಹೋದಾಗ ಸುರುಳಿ ತಯಾರಾಗಿತ್ತು. ಈ ಸಲ ಉಸುಕನ್ನು ಒಳಗೆ ಅಂಟದಂತೆ ಹಂಚಿನ ಮೇಲೆ ಹುರಿದು ತುಂಬಿದ್ದರು, ಕಟ್ಟಿಲ್ಲದ ಕಬ್ಬಿಣದ ಕೊಳವೆಗೆ ಶೇಂಗಾ ಎಣ್ಣೆ ಸವರಿ ಸುತ್ತಿದ್ದರು. ನಿಜ ಹೇಳುತ್ತೇನೆ, ನನ್ನ ಅಕ್ಷರ ಕೂಡ ಅಷ್ಟು ದುಂಡಗಿಲ್ಲ. ಅವತ್ತು ಸಂಜೆ ಅದನ್ನು ಹರವಿಗೆ ಜೋಡಿಸಿ ನೀರು ಬಿಟ್ಟು ನೋಡುತ್ತಿರುವಾಗ ಅಪರಿಚಿತರಿಬ್ಬರು ಒಳಗೆ ಬಂದರು. ಕೈಯಲ್ಲಿ ಖಾಲಿ ಬಾಟಲಿ.

"ಮಾಲಕರ, ಸ್ವಲ್ಪ ಸಿಗತೈತೇನ್ರಿ?"

ಗಡಿಗೆ, ತಾಮ್ರದ ಸುರುಳಿ, ತುದಿಯಲ್ಲಿ ತೊಟತೊಟ! ಊರಿನಲ್ಲಿ ಇದು ಏನೆಂದು ಸುದ್ದಿಯಾಗಿರಬಹುದೆಂದು ನನಗೆ ತಟ್ಟನೆ ಹೊಳೆಯಿತು. ಹಣೆಯ ಮೇಲಿನ ವಿಭೂತಿ ಬೆವರಿಗೆ ಕರಗಿತು. ಸರಕಾರಿ ಮಾಸ್ತರ ಕಳ್ಳಭಟ್ಟಿಯ ಮನೆಯಲ್ಲಿ! ಮಾವನಿಗೆ ಇದ್ಯಾವುದೂ ತಿಳಿಯಲಿಲ್ಲ. ಹಿಗ್ಗಿನಿಂದ ಬಾಟಲಿ ತುಂಬಿಕೊಟ್ಟರು. ಇಬ್ಬರೂ ಕುಡಿದು ಮುಖ ಮುಖ ನೋಡಿಕೊಂಡರು.

"ಇದು ಬರೇ ನೀರ ಐತಲ್ರಿ."

"ನೀರಲ್ದ ಮತ್ತೇನ? ತಂಪ ಐತಿಲ್ಲ?"

"ತಂಪ ಐತ್ರಿ," ಅಂದ ಒಬ್ಬ, ದುಃಖದಿಂದ. "ತಲಿಗೆ ಏರವಲ್ದು."

ಮರುದಿನ ಮಧ್ಯಾಹ್ನ. ಅಕ್ಕನ ಟ್ರಂಕು ತಯಾರಾಗಿತ್ತು, ನಾಲ್ಕಕ್ಕೆ ಬಸ್ಸು. ಮಾವ ಕುರ್ಚಿ ತಂದಿಟ್ಟರು. "ಒಂದ ತಾಸ ಕುಂಡ್ರು. ಆಮ್ಯಾಲ ಹೋಗೂದಿದ್ರ ಹೋಗು," ಅಂದರು, ಅವಳ ಮುಖ ನೋಡದೆ.

ಅಕ್ಕ ಕೂತಳು. ಫ್ಯಾನು ಗರ್ ಅಂದಿತು. ದೇವರಾಣೆ, ಸುರುಳಿಯ ಸಂದಿಯಿಂದ ತಣ್ಣನೆಯ ಗಾಳಿ ಬಂತು! ಹಿಮಾಲಯದ್ದಲ್ಲ; ಬಾವಿಯೊಳಗೆ ಬಗ್ಗಿ ನೋಡಿದಾಗ ಮುಖಕ್ಕೆ ತಾಗುತ್ತದಲ್ಲ, ಅಷ್ಟು. ಅಕ್ಕ ಕಣ್ಣು ಮುಚ್ಚಿದಳು. ಹತ್ತು ನಿಮಿಷ ಹೋಯಿತು.

ಕರೆಂಟೂ ಹೋಯಿತು.

ಫ್ಯಾನು ನಿಂತದ್ದೇ ತಡ, ಮಾವ ಗೋಡೆಗಿದ್ದ ಜೋಳ ಹಸನು ಮಾಡುವ ಮೊರವನ್ನು ಎಳೆದುಕೊಂಡು ಸುರುಳಿಯ ಹಿಂದಿನಿಂದ ಬೀಸತೊಡಗಿದರು. ಅಷ್ಟೇ ಅಲ್ಲ, ಬಾಯಿಯಿಂದ "ಗರ್ರ್ರ್" ಎಂದು ಸಪ್ಪಳವನ್ನೂ ಮಾಡುತ್ತಿದ್ದರು. ಐವತ್ತರ ಮನುಷ್ಯ, ಧೋತರ ಮೇಲೆ ಕಟ್ಟಿಕೊಂಡು, ಬೆವರು ಗದ್ದದಿಂದ ತೊಟ್ಟಿಕ್ಕುತ್ತ. ನಾನು ಏನೋ ಅನ್ನಲು ಬಾಯಿ ತೆರೆದೆ. ಮಾವ ಕಣ್ಣಲ್ಲೇ ಗದರಿಸಿದರು: ಸುಮ್ಮನಿರು.

ನಾನು ಅಕ್ಕನ ಕಡೆ ನೋಡಿದೆ. ಅವಳ ಒಂದು ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತ ಬೆರಳನ್ನು ತುಟಿಗೆ ಒತ್ತಿದಳು: ಸುಮ್ಮನಿರು.

ಆಮೇಲೆ ಕಣ್ಣು ಮುಚ್ಚಿಕೊಂಡು, ಸುರುಳಿಯ ಹಿಂದಿನವರಿಗೂ ಕೇಳುವ ಹಾಗೆ ಹೇಳಿದಳು:

"ತಮ್ಮಾ, ನಾಲ್ಕರ ಬಸ್ಸಿಗೆ ನೀ ಒಬ್ಬನ ಹೋಗು. ಅವ್ವಗ ಹೇಳು, ನನಗ ಇಲ್ಲೇ ಥಂಡಿ ಹತ್ತೇತಿ ಅಂತ."

ಸುರುಳಿಯ ಹಿಂದೆ ಫ್ಯಾನು ಒಂದು ಗಳಿಗೆ ನಿಂತಿತು. ಮೂಗು ಏರಿಸಿದ ಸಪ್ಪಳ ಕೇಳಿತು. ಮತ್ತೆ ತಿರುಗತೊಡಗಿತು, ಮೊದಲಿಗಿಂತ ಜೋರಾಗಿ.