ನಾಣ್ಯ ಸಂಘದ ಕಾರ್ಯದರ್ಶಿಯೂ ನಾನೂ

ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಸಂದಿಯಲ್ಲಿ ನನ್ನದು ಹಳೇ ನಾಣ್ಯದ ಅಂಗಡಿ. ಇಂಥ ಅಂಗಡಿಗೆ ಜನ ನಾಣ್ಯ ತರೋದು ಕಡಿಮೆ, ಆಸೆ ತರೋದೇ ಜಾಸ್ತಿ. ಹಾಗಾಗಿ ನಗುವ ಸಂಗತಿಗಳಿಗೆ ಇಲ್ಲಿ ಯಾವತ್ತೂ ಬರ ಬಂದಿಲ್ಲ. ಈಗ ಬರ ಬಂದಿರೋದು ಜೊತೆಗೆ ಕೂತು ನಗೋರಿಗೆ.

ನಮ್ಮ ನಾಣ್ಯ ಸಂಗ್ರಾಹಕರ ಸಂಘಕ್ಕೆ ನಾನು ಅಧ್ಯಕ್ಷ. ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ ಮಾಡಿ ನಿವೃತ್ತನಾದ ನನ್ನ ಗೆಳೆಯ ಕಾರ್ಯದರ್ಶಿ. ಬೆಳಿಗ್ಗೆ ತಿಂಡಿ ಮುಗಿಸಿ ಬಸ್ಸು ಹತ್ತಿದರೆ ನನ್ನ ಅಂಗಡಿಯಲ್ಲೇ ಇಳಿದ ಹಾಗೆ. ಹೋದ ವರ್ಷ ತೀರಿಕೊಂಡ. ಅವನಿದ್ದಾಗ ನಡೆದ ಕೆಲವನ್ನು ಹೇಳ್ತೀನಿ.

ಅಕ್ಕಿ ಎಳೆಯುವ ಕಾಸು

ವಿನೋಬನಗರದ ಒಬ್ಬ ನಿವೃತ್ತ ಮೇಷ್ಟ್ರು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಒಂದು ಹಿತ್ತಾಳೆ ಬಿಲ್ಲೆ ತಂದರು. ಮೇಲೆ ರಾಮ, ಸೀತೆ, ಹನುಮಂತ. ಜಾತ್ರೆಗಳಲ್ಲಿ ಮಾರುವಂಥದ್ದು.

"ಇದು ಅಕ್ಕಿ ಎಳೆಯುತ್ತಂತೆ. ಕೋಟಿ ಬಾಳುತ್ತಂತೆ" ಅಂದರು. ಅಕ್ಕಿಯನ್ನೂ ತಂದಿದ್ದರು. ಕೌಂಟರಿನ ಮೇಲೆ ಬಿಲ್ಲೆ ಇಟ್ಟು ಸುತ್ತ ಕಾಳು ಹಾಕಿ ಮೂವರೂ ಬಗ್ಗಿ ನೋಡಿದೆವು. ಒಂದು ಕಾಳೂ ಅಲ್ಲಾಡಲಿಲ್ಲ.

ಕಾರ್ಯದರ್ಶಿ ಗಂಭೀರವಾಗಿ ಹೇಳಿದ: "ಸಾರ್, ನೀವು ಸೋನಾ ಮಸೂರಿ ತಂದಿದೀರಿ. ಆ ಕಾಲದಲ್ಲಿ ಇದ್ದಿದ್ದು ಕೆಂಪಕ್ಕಿ."

"ಹೌದಲ್ವಾ!" ಅಂತ ಮೇಷ್ಟ್ರು ಹೊರಟೇಬಿಟ್ಟರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾರನೇ ದಿನ ಅವರು ನಿಜವಾಗಲೂ ಕೆಂಪಕ್ಕಿ ತಂದರು. "ನಮ್ಮನೆಯವಳು ಮಲಗಿದಲ್ಲಿಂದಲೇ ಆರಿಸಿ ಕೊಟ್ಟಳು. ಆಪರೇಷನ್‌ಗೆ ದುಡ್ಡು ಆಗುತ್ತೆ ಅಂತ ಅವಳಿಗೆ ಧೈರ್ಯ ಬಂದಿದೆ" ಅಂದರು.

ಕಾರ್ಯದರ್ಶಿಯ ಮುಖ ಸಣ್ಣಗಾಯಿತು. ಅವರ ಕೈ ಹಿಡಿದುಕೊಂಡು ಎದುರಿನ ಹೋಟೆಲಿಗೆ ಕರೆದೊಯ್ದ. ಅಲ್ಲಿ ಕೂತು ಇದ್ದ ವಿಷಯ ಹೇಳಿದ. ಆಸ್ಪತ್ರೆಗೆ ತಾನೂ ಬರ್ತೀನಿ, ಸರ್ಕಾರಿ ಕಾರ್ಡಿನ ಮೇಲೆ ಆಗುತ್ತಾ ವಿಚಾರಿಸೋಣ ಅಂದ. ಆಮೇಲೆ ಹಾಗೇ ಓಡಾಡಿದ ಕೂಡ. ಮೇಷ್ಟ್ರು ಅಕ್ಕಿಯ ಪೊಟ್ಟಣವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ದೋಸೆ ತಗೊಳ್ಳಿ ಸಾರ್" ಅಂದ.

"ಬೇಡಪ್ಪ, ಅಕ್ಕೀದು ಏನೂ ಬೇಡ. ಪೂರಿ ಹೇಳು."

ಮಗಳ ಮದುವೆ

ಭದ್ರಾವತಿಯ ಒಂದು ಕಲ್ಯಾಣ ಮಂಟಪದ ಮಹಡಿಯಲ್ಲಿ ನಮ್ಮ ಸಂಘದ ಪ್ರದರ್ಶನ. ಅದೇ ಹೊತ್ತಿಗೆ ಕೆಳಗೆ ಯಾರದೋ ಮದುವೆ. ಬಾಗಿಲಲ್ಲಿ ಎರಡು ಕುರ್ಚಿ ಹಾಕಿ ಕಾರ್ಯದರ್ಶಿ ಮತ್ತು ಅವನ ಹೆಂಡತಿಯನ್ನು ಕೂರಿಸಿದ್ದೆ. ನಾನು ಅವರನ್ನು ಅತ್ತಿಗೆ ಅಂತೀನಿ. ಅವತ್ತು ಅತ್ತಿಗೆ ಒಳ್ಳೇ ಸೀರೆ ಉಟ್ಟು, ತುಂಬ ಹೂ ಮುಡಿದು ಬಂದಿದ್ದರು.

ದಾರಿ ತಪ್ಪಿ ಮೇಲೆ ಬಂದ ಒಬ್ಬ ಅಜ್ಜಿ ಅವರನ್ನು ಕಂಡು ನೇರ ಬಂದು ಕೈ ಹಿಡಿದುಕೊಂಡಿತು. "ಹೆಣ್ಣಿನ ತಾಯಿ ಅಲ್ವಾ? ನೋಡಿದ್ರೇ ಗೊತ್ತಾಗುತ್ತೆ. ಇದನ್ನ ಮಗಳಿಗೆ ಕೊಡಮ್ಮ" ಅಂತ ಮುಯ್ಯಿ ಕವರು ಕೊಟ್ಟಿತು.

ಅವರಿಗೆ ಮಕ್ಕಳಿಲ್ಲ. ನಾನು ಅಜ್ಜಿಗೆ ತಿಳಿಸಿ ಹೇಳೋಣ ಅಂತ ಎದ್ದೆ. ಅಷ್ಟರಲ್ಲಿ ಅತ್ತಿಗೆ ಕವರನ್ನು ಕಣ್ಣಿಗೊತ್ತಿಕೊಂಡು, "ಕೊಡ್ತೀನಮ್ಮ. ನೀವು ಊಟ ಮಾಡ್ಕೊಂಡೇ ಹೋಗ್ಬೇಕು" ಅಂದರು. ಅಜ್ಜಿಯ ತೋಳು ಹಿಡಿದು ಮೆಟ್ಟಿಲಿಳಿಸಿ, ಊಟಕ್ಕೆ ಕೂರಿಸಿ, ಕವರನ್ನು ನಿಜವಾದ ತಾಯಿಯ ಕೈಗೆ ಮುಟ್ಟಿಸಿ ಬಂದರು. ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು.

ಕಾರ್ಯದರ್ಶಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. ಆಮೇಲೆ ಅಂದ: "ನೋಡು ಅಧ್ಯಕ್ಷ, ಮಗಳೂ ಆದಳು, ಮದುವೇನೂ ಆಯ್ತು. ಊಟದ ಖರ್ಚು ಮಾತ್ರ ಬೇರೆಯವರದ್ದು!"

ಡಾಕ್ಟರ ಮುಂದೆ

ಅವನಿಗೆ ಕೆಮ್ಮು ಹಿಡಿಯಿತು. ಬಿಡಲೇ ಇಲ್ಲ. ಶಿವಮೊಗ್ಗದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ.

"ಹೇಗಿದೀರಿ?" ಅಂತ ಡಾಕ್ಟರು ಕೇಳಿದರು.

"ಚಲಾವಣೆಯಲ್ಲಿ ಸವೆದಿದೀನಿ ಸಾರ್. ಇಸವಿ ಅಳಿಸಿದೆ, ಸಿಂಹ ಮಾತ್ರ ಸ್ವಲ್ಪ ಕಾಣ್ತದೆ."

ಡಾಕ್ಟರು ನಕ್ಕರು. ಸ್ಕ್ಯಾನ್ ನೋಡಿದ ಮೇಲೆ ನಗಲಿಲ್ಲ. ಅವನನ್ನು ಹೊರಗೆ ಕೂರಿಸಿ ನನಗೊಬ್ಬನಿಗೇ ಹೇಳಿದರು. ಶ್ವಾಸಕೋಶ ಪೂರ್ತಿ ಹೋಗಿದೆ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು.

ಹೊರಗೆ ಬಂದೆ. "ಏನಂದ್ರು?" ಅಂದ.

"ಏನಿಲ್ಲ ಮಾರಾಯ, ಸ್ವಲ್ಪ ಕಫ. ಮಾತ್ರೆಯಲ್ಲಿ ಹೋಗುತ್ತೆ."

ನನ್ನ ಮುಖವನ್ನೇ ನೋಡಿದ. ಹೆಗಲ ಮೇಲೆ ಕೈ ಹಾಕಿ ಅಂದ: "ಸುಳ್ಳು ಹೇಳೋಕೇ ಬರಲ್ವಲ್ಲೋ ನಿನಗೆ. ಇಷ್ಟು ವರ್ಷ ಅದ್ಹೇಗೆ ವ್ಯಾಪಾರ ಮಾಡಿದೆ?"

ಕೊನೆಯ ಮೆರವಣಿಗೆ

ಅವನು ಹೋದ ಸುದ್ದಿ ಬಂದಾಗ ಸಂಘದವರೆಲ್ಲ ಭದ್ರಾವತಿಗೆ ಓಡಿದೆವು. ಬೀದಿ ತುಂಬ ಕಾರ್ಖಾನೆಯ ಹಳೇ ಜೊತೆಗಾರರು. ಚಟ್ಟ ಎತ್ತಿದರು. ತಮಟೆ ಶುರುವಾಯಿತು. ಅವನ ತಮ್ಮ ಮುಂದೆ ಮುಂದೆ ಮಂಡಕ್ಕಿಯ ಜೊತೆ ಚಿಲ್ಲರೆ ಕಾಸು ಎರಚುತ್ತಾ ಹೋದ.

ಆಗ ಶುರುವಾಯಿತು ನೋಡಿ. ನಮ್ಮ ಖಜಾಂಚಿ ಬಗ್ಗಿದರು. ಒಂದು ಕಾಸನ್ನು ಬೆಳಕಿಗೆ ಹಿಡಿದು ಇಸವಿ ನೋಡಿದರು, ತಲೆ ಅಲ್ಲಾಡಿಸಿ ಮತ್ತೆ ನೆಲಕ್ಕೆ ಹಾಕಿದರು. ನವುಲೆಯ ಕೃಷಿ ಕಾಲೇಜಿನ ಪ್ರೊಫೆಸರು ಅಳುತ್ತಲೇ ಬಗ್ಗಿದರು. ಅವರ ಹಿಂದೆ ಇನ್ನೊಬ್ಬರು. ಯಾರಿಗೂ ದುಡ್ಡಿನ ಆಸೆಯಲ್ಲ. ಜನ್ಮದ ಚಟ. ಚಟ್ಟ ಎಷ್ಟೋ ಮುಂದೆ ಹೋಯಿತು, ಸಂಘ ಹಿಂದೆ ಉಳಿಯಿತು.

ನನಗೆ ಸಿಟ್ಟು ಬಂತು. "ಮಾನ ಮರ್ಯಾದೆ ಇದೆಯೇನ್ರೀ? ಹೋಗ್ತಿರೋದು ನಮ್ಮ ಕಾರ್ಯದರ್ಶಿ!" ಅಂತ ಗದರಿದೆ. ಎಲ್ಲರೂ ತಲೆ ತಗ್ಗಿಸಿ ಮುಂದೆ ನಡೆದರು. ಅಷ್ಟರಲ್ಲಿ ಎರಡು ರೂಪಾಯಿಯ ಒಂದು ನಾಣ್ಯ ಉರುಳಿ ನನ್ನ ಕಾಲ ಹತ್ತಿರ ಬಂದು ಬಿತ್ತು. ನಾನು ಬಗ್ಗಿದ್ದು ನನಗೇ ಗೊತ್ತಾಗಲಿಲ್ಲ. ಇಸವಿಯ ಕೆಳಗೆ ಟಂಕಸಾಲೆಯ ಗುರುತು ಹುಡುಕಿದೆ. ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಕಾಸನ್ನು ಇನ್ನೂ ಹತ್ತಿರ ಹಿಡಿದೆ.

ತಲೆ ಎತ್ತಿದರೆ ಬೀದಿಯ ತಿರುವಿನಲ್ಲಿ ಅತ್ತಿಗೆ. ಹೆಂಗಸರು ಅಲ್ಲಿಯವರೆಗೆ ಬಂದು ನಿಂತಿದ್ದರು. ಬೆಳಿಗ್ಗೆಯಿಂದ ಅವರು ಅತ್ತೂ ಇರಲಿಲ್ಲ, ಮಾತಾಡಿಯೂ ಇರಲಿಲ್ಲವಂತೆ. ನಾಚಿಕೆಯಿಂದ ನಾನು ಕಾಸನ್ನು ಕೆಳಗೆ ಹಾಕಲು ಹೋದೆ.

ಅವರು ನನ್ನನ್ನೇ ನೋಡಿದರು. ಫಕ್ಕನೆ ನಗು ಬಂತು, ನಗುವಿನ ಹಿಂದೆಯೇ ಅಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಂದರು:

"ಬೇಗ ಜೇಬಿಗೆ ಹಾಕ್ಕೊಳ್ಳಿ ಅಧ್ಯಕ್ಷರೇ. ನೋಡಿದ್ರೆ ಎದ್ದು ಬಂದ್ಬಿಡ್ತಾರೆ!"