ಐದು ಬೆರಳಿಗೆ ಐದು ಸಾಮಾನು

ಠಣ್... ಢಣ್... ಖಳಕ್!

ನಾನು ಮದುವೆಯಾಗಿ ಜಮಖಂಡಿಗೆ ಬಂದ ಹೊಸತರಲ್ಲಿ ಬಸ್ ಸ್ಟ್ಯಾಂಡಿನ ಕಡೆಯಿಂದ ಈ ಸದ್ದು ಕೇಳಿದರೆ ಜನ ಪಾತ್ರೆ ಮಾರುವವನು ಬಂದನೆಂದುಕೊಳ್ಳುತ್ತಿದ್ದರು. ನಮ್ಮ ಮನೆಯವರಿಗೆ ಮಾತ್ರ ಗೊತ್ತಿತ್ತು, ನನ್ನ ಮೈದುನ ಮುಧೋಳಕ್ಕೆ ಹೊರಟಿದ್ದಾರೆ ಅಂತ. ಮುಧೋಳವೇನು ಲಂಡನ್ನೇ? ಬಸ್ಸಿನಲ್ಲಿ ಕೂತು ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಬರುವ ಊರು. ಅದಕ್ಕೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ನೀರು ಸೇದಲು ಹಗ್ಗ, ಹಗ್ಗಕ್ಕೊಂದು ಬಕೀಟು, ಬಕೀಟಿನೊಳಗೆ ತಂಬಿಗೆ, ತಂಬಿಗೆಯೊಳಗೆ ಲೋಟ, ಕರೆಂಟು ಹೋದರೆ ಇರಲಿ ಅಂತ ಕಂದೀಲು!

ನಮ್ಮ ಸೀಮೆಯಲ್ಲಿ ಒಮ್ಮೆಯೂ ಮನೆ ಬಿಟ್ಟು ಹೋಗದ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಮೈದುನ. ತಿರುಗಾಟ ಇಲ್ಲ ಅಂತಲ್ಲ. ಎಲ್ಲಿಗೆ ಹೋದರೂ ಮನೆಯನ್ನು ಜೊತೆಗೇ ಒಯ್ಯುತ್ತಾರೆ!

ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ "ಟ್ರಾವೆಲ್ ಲೈಟ್, ಗರ್ಲ್ಸ್" ಎಂದು ಹೇಳಿ ಹೇಳಿ ಬೆಳೆಸಿದ್ದರು. ಒಂದು ಕೈಚೀಲ ಹಿಡಿದು ಅತ್ತೆಮನೆಗೆ ಬಂದವಳು ನಾನು. ಈ ದಂಡಯಾತ್ರೆ ನೋಡಿ ಮೈ ಗಾಡ್ ಎಂದೆ. ಇಷ್ಟೆಲ್ಲ ಹೊತ್ತರೂ ಬಸ್ಸು ಊರಬಾಗಿಲ ಅಗಸಿ ದಾಟಿದ ಕೂಡಲೇ ಅವರಿಗೆ ಏನೋ ಒಂದು ಮರೆತದ್ದು ನೆನಪಾಗುತ್ತಿತ್ತು. "ಹೋಲ್ಡಾನ್!" ಎಂದು ಕೂಗಿ ಇಳಿದೇ ಬಿಡುವರು. ಆಗಿನ ಕಂಡಕ್ಟರ್ ಒಬ್ಬರು ಬೇಸತ್ತು, "ಸಾಹೇಬ್ರ, ನಿಮಗ ಬಸ್ ಬ್ಯಾಡ್ರಿ, ಗೂಡ್ಸ್ ಗಾಡಿ ಬೇಕ್ರಿ" ಎಂದಿದ್ದರು. ಆ ಕಂಡಕ್ಟರೇ ಮುಂದೆ ಇವರ ಜೀವದ ಗೆಳೆಯರಾದರು. ಜಗಳಕ್ಕೂ ಒಂದು ಯೋಗ ಬೇಕು, ನೋಡಿ.

ಮೈದುನರಿಗೆ ಬನಹಟ್ಟಿಯಲ್ಲಿ ಸೀರೆ ಡಿಸೈನ್ ಬರೆಯುವ ಕೆಲಸ. ಅಲ್ಲೇ ಮನೆ ಮಾಡಿದರು, ಅಲ್ಲೇ ಮುದುಕರಾದರು. ಇತ್ತೀಚೆಗೆ ಧಾರವಾಡದಲ್ಲಿ ಓದುವ ಅವರ ಮೊಮ್ಮಗಳು ಬೇಸಿಗೆ ಸೂಟಿಗೆ ಬಂದಾಗ ಒಂದು ವಿಚಿತ್ರ ಆಟ ತಂದಳು. ಬೋರ್ಡಿಲ್ಲ, ಕಾಯಿಗಳಿಲ್ಲ. ಒಬ್ಬರು ಕತೆ ಹೇಳುತ್ತ ಹೋಗಬೇಕು, ಉಳಿದವರು ಆ ಕತೆಯೊಳಗಿನ ವೀರರು. "ಎದುರಿಗೆ ಗವಿ ಇದೆ, ಏನು ಮಾಡುತ್ತೀರಿ?" ಎಂದರೆ ನಾವು ಹೇಳಬೇಕು. ಅದು ನಡೆಯುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಯಾವ ವೀರನ ಹತ್ತಿರ ಏನೇನು ಸಾಮಾನಿದೆ ಎಂದು ಆ ಹುಡುಗಿ ಹಾಳೆಯಲ್ಲಿ ಬರೆದಿಡುತ್ತಿದ್ದಳು.

ಸಾಮಾನು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಮೈದುನರು ಎದ್ದು ಕೂತರು!

"ಹಗ್ಗ ಅಂತ ಬರದ್ರ ಹಗ್ಗ ಆತೇನವಾ? ಯಾವ ಹಗ್ಗ? ಬಾವಿ ಹಗ್ಗೋ, ಎತ್ತಿನ ಮೂಗದಾಣೋ? ಕಣ್ಣಿಗೆ ಕಾಣಬೇಕು!"

ಮರುದಿನದಿಂದ ಚಿತ್ರ ಬಿಡಿಸಲು ಕೂತರು. ಜಕಾರ್ಡ್ ಮಗ್ಗಕ್ಕೆ ಪೋಣಿಸುವ ತೂತು ತೂತಿನ ರಟ್ಟಿನ ಪಟ್ಟಿಗಳಿರುತ್ತವಲ್ಲ, ಸೀರೆಯ ಅಂಚಿನಲ್ಲಿ ಯಾವ ಹೂವು ಬರಬೇಕೆಂದು ಹೇಳುವವು, ಅಂಥ ಹಳೆಯ ಪಟ್ಟಿಗಳು ಅವರ ಅಟ್ಟದ ತುಂಬ ಇದ್ದವು. ಅವನ್ನೇ ಕತ್ತರಿಸಿ ಒಂದೊಂದರ ಮೇಲೆ ಒಂದೊಂದು ವಸ್ತು ಬರೆದರು. ಹಗ್ಗ, ಬಕೀಟು, ಕಂಬಳಿ, ಕೊಡಲಿ, ಬುತ್ತಿಗಂಟು. ಎಂಥ ಚಿತ್ರಗಳು! ಹಗ್ಗದ ಒಂದೊಂದು ಎಳೆಯೂ ಕಾಣುತ್ತಿತ್ತು. ಆದರೆ ತೂತುಗಳ ದೆಸೆಯಿಂದ ಎಲ್ಲ ಸಾಮಾನಿಗೂ ಸಿಡುಬೆದ್ದ ಹಾಗಿತ್ತು. "ಏನಪಾ, ನಿನ್ನ ತಂಬಿಗಿ ಸೋರತೈತಲ್ಲೋ" ಎಂದರು, ರಿಟೈರಾಗಿ ಅದೇ ಓಣಿಗೆ ಬಂದಿದ್ದ ನಮ್ಮ ಕಂಡಕ್ಟರ್.

"ನಿನ್ನ ಹಳೇ ಬಸ್ಸಿಗಿಂತ ಕಡಿಮಿ ಸೋರತೈತಿ, ಸುಮ್ಕ ಕೂಡು!"

ಮೊಮ್ಮಗಳು ಧಾರವಾಡಕ್ಕೆ ವಾಪಸ್ಸಾದಳು. ಆಟ ಮಾತ್ರ ಬನಹಟ್ಟಿಯಲ್ಲೇ ಉಳಿಯಿತು. ಪ್ರತಿ ರವಿವಾರ ಬೆಳಿಗ್ಗೆ ನಾನು ಜಮಖಂಡಿಯಿಂದ ಬಸ್ಸಿಗೆ ಬರುವುದು, ಮೈದುನರೇ ಕತೆ ಹೇಳುವ ಮಾಸ್ತರು, ನಾನು, ನನ್ನ ನೆಗೆಣ್ಣಿ ಅಂದರೆ ಅವರ ಹೆಂಡತಿ, ಮತ್ತು ಕಂಡಕ್ಟರ್ ಮೂವರು ವೀರರು. ನಮ್ಮ ಮೊಣಕಾಲುಗಳನ್ನು ನೋಡಿದರೆ ಯಾವ ರಾಕ್ಷಸನೂ ನಕ್ಕೇ ಸಾಯಬೇಕು!

ಮಾಸ್ತರರ ಕಾಯ್ದೆಗಳು ಬಲು ಕಟ್ಟುನಿಟ್ಟು. ಕೈಗೆ ಐದು ಬೆರಳು, ಆಳಿಗೆ ಐದು ಕಾರ್ಡು. ಕೈಯಲ್ಲಿ ಕಾರ್ಡಿಲ್ಲದಿದ್ದರೆ ಆ ಸಾಮಾನೂ ಇಲ್ಲ. ಅಗಸಿ ದಾಟಿದ ಮೇಲೆ ಮರೆತದ್ದಕ್ಕೆ ತಿರುಗಿ ಬರುವಂತಿಲ್ಲ. ಒಬ್ಬರ ಕಾರ್ಡು ಇನ್ನೊಬ್ಬರು ಕಡಾ ಒಯ್ಯಬಹುದು, ಆದರೆ ವಾಪಸ್ ಕೊಡುವವರೆಗೆ ಆಟ ಮುಗಿಯುವುದಿಲ್ಲ. ಇದನ್ನೆಲ್ಲ ಹೇಳಿದ್ದು ಯಾರು? ಮುಧೋಳಕ್ಕೆ ಬಕೀಟು ಹೊತ್ತವರು! ವಾಟ್ ಎ ಜೋಕ್!

ಮೊದಲ ಆಟದಲ್ಲೇ ನಮ್ಮ ಮರ್ಯಾದೆ ಹೋಯಿತು. ಗವಿಯ ಬಾಯಲ್ಲಿ ಬೆಂಕಿಯುಗುಳುವ ಡ್ರ್ಯಾಗನ್. "ಆಯುಧ ತೆಗೀರಿ" ಎಂದರು ಮಾಸ್ತರು. ನಾವು ಮೂವರೂ ಕಾರ್ಡು ತಿರುಗಿಸಿದೆವು. ಸಜ್ಜೆ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಮೊಸರಿನ ಗಡಿಗೆ, ಉಪ್ಪಿನಕಾಯಿ, ಮತ್ತೆ ರೊಟ್ಟಿ. ಕತ್ತಿಯನ್ನು ಯಾರೂ ತಂದಿರಲಿಲ್ಲ! ಪ್ರಯಾಣ ಅಂದರೆ ಬುತ್ತಿ ಎಂದು ಹುಟ್ಟಿನಿಂದ ಕಲಿತವರು ನಾವು. ಏನು ಮಾಡೋಣ? ನನ್ನ ನೆಗೆಣ್ಣಿ ತಣ್ಣಗೆ ಹೇಳಿದಳು, "ಅದಕ್ಕೂ ಹಸಿವಿ ಆಗಿರಬೇಕ್ರಿ. ಕೂಡ್ರಿಸಿ ಬಡಸೂಣು."

ಡ್ರ್ಯಾಗನ್ ಉಂಡಿತು, ತೇಗಿತು, ದಾರಿ ಬಿಟ್ಟಿತು. ಮೊಮ್ಮಗಳು ಫೋನಿನಲ್ಲಿ ತಲೆ ಚಚ್ಚಿಕೊಂಡಳು. "ಅಜ್ಜಾ, ಡ್ರ್ಯಾಗನ್‌ಗೆ ಯಾರರೆ ಶೇಂಗಾ ಹಿಂಡಿ ಹಾಕ್ತಾರೇನು?"

"ಯಾಕವಾ? ಅದಕ್ಕ ಪಿತ್ತ ಐತೇನು?"

ಇನ್ನೊಂದು ರವಿವಾರ ಕಂಡಕ್ಟರ್ ತಮ್ಮ ವೀರನಿಗೆ ಮುಧೋಳ ನಾಯಿ ಬೇಕೆಂದು ಹಟ ಹಿಡಿದರು. ನಾಯಿ ಸಾಮಾನೋ ಅಲ್ಲವೋ ಎಂದು ಊಟದ ತನಕ ವಾದ. ಕೊನೆಗೆ ಮಾಸ್ತರರ ತೀರ್ಪು ಬಂತು: "ತನ್ನ ಕಾಲಿನಿಂದ ತಾನು ನಡಿಯೂದು ಸಾಮಾನಲ್ಲ, ಸಂಗಾತಿ. ಅದಕ್ಕ ಕಾರ್ಡ್ ಬ್ಯಾಡ." ಕಂಡಕ್ಟರ್ ಕೂಡಲೇ ಕಂಬಳಿ, ಬಕೀಟು ಎಲ್ಲವನ್ನೂ ನಾಯಿಯ ಬೆನ್ನಿಗೆ ಕಟ್ಟಿದರು. "ಲೇ, ಅದು ನಾಯಿ ಐತಿ, ಕತ್ತೆ ಅಲ್ಲ!"

ನಾನು ಕೇಳಿದ್ದು ಟಾರ್ಚ್. "ವೈನಿ, ಆ ಕಾಲದಾಗ ಸೆಲ್ ಯಾವ ಅಂಗಡ್ಯಾಗ ಸಿಗತಿದ್ವು?" ಎಂದು ಈ ಅತ್ತಿಗೆಗೆ ಕಂದೀಲು ಬರೆದುಕೊಟ್ಟರು. ನೋಡಿದರೆ ಜಮಖಂಡಿ ಮನೆಯದೇ ಕಂದೀಲು. ಗಾಜು ಒಡೆದಲ್ಲಿ ನನ್ನವರು ಕಾಗದ ಅಂಟಿಸಿದ್ದರಲ್ಲ, ಆ ತೇಪೆಯನ್ನೂ ಬಿಟ್ಟಿರಲಿಲ್ಲ. ನನ್ನವರು ಹೋಗಿ ಎಷ್ಟೋ ಕಾಲವಾಯಿತು, ಕಂದೀಲು ಗುಜರಿಗೆ ಹೋಯಿತು. ಅಂದಿನಿಂದ ಆ ಕಾರ್ಡನ್ನು ನಾನು ಯಾರಿಗೂ ಮುಟ್ಟಗೊಟ್ಟಿಲ್ಲ.

ಹೀಗಿರುವಾಗ ಮೈದುನರಿಗೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಬೆಳಗಾವಿಯ ಡಾಕ್ಟರು ನೋಡಿ, ಹಾರ್ಟಿನ ವಾಲ್ವ್ ಕೆಟ್ಟಿದೆ, ಆಪರೇಶನ್ ಆಗಲೇಬೇಕು, ತಡ ಮಾಡಬೇಡಿ ಎಂದರು.

"ಆತ್ರಿ, ಹೋಗೂಣು. ತಯಾರಿ ಆಗಬೇಕಲ್ಲ?" ಎಂದರು ಮೈದುನರು.

ಆ ತಯಾರಿ ಮುಗಿದರೆ ತಾನೆ! ಟ್ರಂಕು ಇಳಿಯಿತು, ಹಾಸಿಗೆ ಸುರುಳಿ ಇಳಿಯಿತು. ಆಸ್ಪತ್ರೆಯ ಬಕೀಟನ್ನು ನಂಬುವುದು ಹೇಗೆ? ಸ್ಟೋವ್ ಬೇಡವೇ? ಒಂದು ಸಾಮಾನು ಸಿಕ್ಕರೆ ಇನ್ನೊಂದು ಸಿಗದು. ವಾರಗಳು ಸರಿದವು, ಆಸ್ಪತ್ರೆಯವರು ಕೊಟ್ಟ ತಾರೀಖೂ ಸರಿಯಿತು. ಒಂದು ರವಿವಾರ ನಾನು ಹೋದಾಗ ನೆಗೆಣ್ಣಿ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಕ್ಕಾರ, ಇನ್ನೊಮ್ಮೆ ತಾರೀಖ ಕೊಟ್ಟಾರ್ರಿ. ಇದೂ ತಪ್ಪಿದ್ರ ಜೀವಕ್ಕ ಅಪಾಯ ಅಂದಾರ. ಇವರು ನೋಡಿದ್ರ ಒರಳಕಲ್ಲು ಕಟ್ಟಾಕತ್ತಾರ."

ಹೊರಗೆ ಬಂದು ನೋಡಿದರೆ ನಿಜ! ಚಟ್ನಿ ರುಬ್ಬುವ ಕಲ್ಲಿಗೆ ಹಗ್ಗ ಸುತ್ತುತ್ತಿದ್ದಾರೆ. ಕಟ್ಟುತ್ತಾರೆ, ಬಿಚ್ಚುತ್ತಾರೆ, ಮತ್ತೆ ಕಟ್ಟುತ್ತಾರೆ. ಈ ಮನುಷ್ಯನಿಗೆ ಸಾಮಾನಿನ ಹುಚ್ಚಲ್ಲ, ಭಯ ಎಂದು ಇಷ್ಟು ವರ್ಷಕ್ಕೆ ನನಗೆ ಹೊಳೆಯಿತು. ಬೈಯಬೇಕೆಂದು ಬಂದವಳು ಬೈಯಲಿಲ್ಲ. ಕಾರ್ಡುಗಳ ಡಬ್ಬಿ ತಂದು ಅವರ ಮುಂದೆ ಸುರಿದೆ.

"ಇವತ್ತ ಮಾಸ್ತರ ನಾನು."

"ವೈನಿ, ಆಟಾ ನಡಸೂದು ನಾನು..."

"ಸುಮ್ಕ ಕೂಡ್ರಿ. ನೀವು ಅಗಸಿ ಮುಂದ ನಿಂತೀರಿ. ದೂರದಾಗ ಒಂದು ಬಿಳೀ ಅರಮನಿ. ಒಳಗ ಹಸರ ಬಟ್ಟಿ ಹಾಕ್ಕೊಂಡು ಮಾರಿ ಮುಚ್ಚಿಕೊಂಡ ಮಂದಿ. ಕೈಯಾಗ ಚೂರಿ ಅದಾವ, ಆದ್ರ ವೈರಿಗಳಲ್ಲ. ಏನೇನ ಒಯ್ತೀರಿ? ಕೈಗೆ ಐದು ಬೆರಳು."

ಕಂಡಕ್ಟರ್ ನಗಲು ಹೋಗಿ ನಿಲ್ಲಿಸಿದರು. ಮೈದುನರು ನನ್ನನ್ನೇ ನೋಡಿದರು. ಆಮೇಲೆ ಒರಳಕಲ್ಲಿನ ಹಗ್ಗ ಬಿಟ್ಟು ಕಾರ್ಡುಗಳನ್ನು ಆರಿಸತೊಡಗಿದರು. ಬಕೀಟು ಎತ್ತಿದರು, ಇಟ್ಟರು. ಹಗ್ಗ ಎತ್ತಿದರು, ಬಹಳ ಹೊತ್ತು ಹಿಡಿದು ಅದನ್ನೂ ಇಟ್ಟರು. ಕೊನೆಗೆ ತಂಬಿಗೆ, ಕಂಬಳಿ, ಬುತ್ತಿಗಂಟು, ಒಂದು ಪೆನ್ಸಿಲ್.

"ಇಕಿ?" ಎಂದು ಹೆಂಡತಿಯ ಕಡೆ ನೋಡಿದರು.

"ತನ್ನ ಕಾಲಿನಿಂದ ತಾನು ನಡಿಯೂದಕ್ಕ ಕಾರ್ಡ್ ಬ್ಯಾಡ!" ಎಂದರು ಕಂಡಕ್ಟರ್. "ನನ್ನ ನಾಯಿ ಕಾಯ್ದೆ!"

"ನನ್ನ ನಿಮ್ಮ ನಾಯಿಗೆ ಹೋಲಸ್ತೀರೇನ್ರಿ?" ನೆಗೆಣ್ಣಿ ಅಳುತ್ತಲೇ ನಕ್ಕಳು.

ಒಂದು ಬೆರಳು ಇನ್ನೂ ಖಾಲಿ ಇತ್ತು. ಮೈದುನರು ತಗ್ಗಿದ ದನಿಯಲ್ಲಿ ಕೇಳಿದರು, "ವೈನಿ, ಆ ಅರಮನ್ಯಾಗ ಕತ್ತಲಿ ಇರತೈತೇನ್ರಿ?"

"ಸ್ವಲ್ಪ ಹೊತ್ತು ಇರತೈತಿ. ಆಮ್ಯಾಲೆ ಬೆಳಕು."

"ಹಂಗಾರ ನಿಮ್ಮ ಕಂದೀಲು ಕಡಾ ಕೊಡ್ರಿ."

ಕೊಟ್ಟೆ.

ಆಪರೇಶನ್ ಆಯಿತು. ನಿನ್ನೆ ಮೊಮ್ಮಗಳು ಆಸ್ಪತ್ರೆಯಿಂದ ಫೋನ್ ಮಾಡಿದ್ದಳು. ಎಚ್ಚರವಾದ ಕೂಡಲೇ ಅಜ್ಜ ನರ್ಸಿಗೆ ಐದು ಬೆರಳು ತೋರಿಸಿದರಂತೆ, ಪಾಪ, ಆಕೆ ಗಾಬರಿಯಾಗಿ ಡಾಕ್ಟರನ್ನೇ ಕರೆದಳಂತೆ! ಇನ್ನೂ ಕೆಲವು ದಿನ ಅಲ್ಲೇ ಇರಬೇಕು. ಇರಲಿ. ಕಂದೀಲು ನನಗೆ ವಾಪಸ್ ಬಂದಿಲ್ಲ, ಅಂದಮೇಲೆ ಆಟ ಮುಗಿದಿಲ್ಲ.

ಅವರು ಆಸ್ಪತ್ರೆಗೆ ಹೊರಟ ದಿನ ಬೆಳಿಗ್ಗೆಯೇ ನಾನು ಅವರನ್ನು ನೋಡಿದ್ದು. ಓಣಿಯಲ್ಲಿ ಮಗ್ಗಗಳು ಖಟಪಟ ಶುರುಮಾಡಿದ್ದವು. ಕಾರಿಗೆ ಹತ್ತಿದವರ ಕೈಯಲ್ಲಿ ಒಂದು ಸಣ್ಣ ಚೀಲ. ಠಣ್ ಇಲ್ಲ, ಢಣ್ ಇಲ್ಲ. ಕಾರು ಓಣಿಯ ತಿರುವಿಗೆ ಬಂದು ನಿಧಾನವಾಯಿತು. ಅಯ್ಯೋ, ಮತ್ತೇನೋ ಮರೆತರು, ಇನ್ನು ಇಳಿದರು ಎಂದುಕೊಂಡು ನಾನು ನಾಲ್ಕು ಹೆಜ್ಜೆ ಓಡಿದೆ. ಇಳಿಯಲಿಲ್ಲ. ಕಿಟಕಿಯಿಂದ ಒಂದು ಕೈ ಹೊರಬಂತು. ಆ ಕೈಯಲ್ಲಿ ಕಂದೀಲಿನ ಕಾರ್ಡು. ಅದನ್ನು ಏಳುತ್ತಿದ್ದ ಸೂರ್ಯನಿಗೆ ಅಡ್ಡ ಹಿಡಿದರು. ರಟ್ಟಿನ ಒಂದೊಂದು ತೂತಿನಲ್ಲೂ ಬೆಳಕು ಹೊತ್ತಿಕೊಂಡಿತು.

"ವೈನಿ, ಕಂದೀಲು ಹತ್ತೇತಿ ನೋಡ್ರಿ!"